ಹುಚ್ಚಣ್ಣನ ಜೇನಿಗೆ ಕೆಮ್ಮಣ್ಣಿನ ಗುರುತು

ನಾನು ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ. ಇಪ್ಪತ್ತು ವರ್ಷಗಳಿಂದ ಲ್ಯಾಕ್ಟೋಮೀಟರ್ ಹಿಡಿದು ಕೂತವನು. ಕ್ಯಾನಿಗೆ ಅರ್ಧ ಬೋರ್‌ವೆಲ್ ಸುರಿದು ತಂದು, "ನಮ್ಮಪ್ಪನಾಣೆಗೂ ಗಟ್ಟಿ ಹಾಲು ಸಾರ್" ಅನ್ನುವವರ ಮುಖವನ್ನು ದಿನಕ್ಕೆರಡು ಹೊತ್ತು ನೋಡುವವನು. ಹೀಗಾಗಿ ಸುಳ್ಳು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಹುಚ್ಚಣ್ಣ ಜೇನುಹುಳಗಳನ್ನು ಜೋಡಿ ಲೆಕ್ಕದಲ್ಲಿ ಎಣಿಸಲು ಕೂತಿದ್ದ ಎಂದರೆ ಪರ ಊರಿನವರು ನಂಬುವುದಿಲ್ಲ. ಎಣಿಸಿದ್ದು ನಿಜ. ಆಮೇಲೆ ಅವುಗಳಿಗೆ ಗುರುತು ಹಾಕಿದ್ದೂ ನಿಜ.

ಹುಚ್ಚಣ್ಣ ಎಂಬತ್ತು ಕುರಿಗಳ ಒಡೆಯನಾಗಿದ್ದವನು. ಕಳ್ಳಂಬೆಳ್ಳದ ಕೆರೆಯಂಗಳದಿಂದ ತಾವರೆಕೆರೆಯ ಬೀಳು ಹೊಲಗಳವರೆಗೆ ಅವನ ಮಂದೆ ಮೇಯದ ಜಾಗವಿಲ್ಲ. ಮೂರು ವರ್ಷದ ಹಿಂದೆ ಸಿರಾದ ಡಾಕ್ಟರು ಅವನ ಮೊಣಕಾಲಿನ ಫೋಟೋ ತೆಗೆಸಿ, "ಚಿಪ್ಪು ಸವೆದಿದೆ, ಇನ್ನು ಕುರಿ ಹಿಂದೆ ನಡೆದರೆ ಆಮೇಲೆ ಎಲ್ಲಿಗೂ ನಡೆಯೋಕಾಗಲ್ಲ" ಎಂದರು. ಕುರಿಗಳನ್ನು ಮಾರಿದ. ಮಾರಿದ ಮರುದಿನ ಬೆಳಿಗ್ಗೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಡೈರಿ ಬೆಂಚಿನ ಮೇಲೆ ಬಂದು ಕೂತ. ಅವನ ಮನೆಯಲ್ಲಿ ಹಸುವಿಲ್ಲ, ಎಮ್ಮೆಯಿಲ್ಲ.

"ಏನು ಹುಚ್ಚಣ್ಣ, ಹಾಲು?" ಎಂದೆ.

"ಹಾಲೂ ಇಲ್ಲ ಏನೂ ಇಲ್ಲ ಸೆಕ್ರೆಟ್ರಿ. ಬೆಳಗಾಗೆದ್ದು ಹೊರಡಾಕೆ ಏನಾರ ಬೇಕಲ್ಲ, ಅದ್ಕೆ ಇಲ್ಲಿಗ್ ಬಂದೆ."

ಎಂಟು ತಿಂಗಳು ಹೀಗೇ ಬಂದ. ತೋಟಗಾರಿಕೆ ಇಲಾಖೆಯವರು ಸಿರಾದಲ್ಲಿ ಎರಡು ದಿನದ ಜೇನು ಸಾಕಣೆ ತರಬೇತಿ ಇಟ್ಟಿದ್ದಾರೆ ಎಂಬ ಚೀಟಿ ಬಂದಾಗ ಅವನನ್ನು ಕೇಳದೆಯೇ ಅವನ ಹೆಸರು ಬರೆದು ಕಳಿಸಿದೆ. ಮುಂದೆ ನಡೆದದ್ದಕ್ಕೆಲ್ಲ ಒಂದು ಲೆಕ್ಕದಲ್ಲಿ ನಾನೇ ಹೊಣೆ.

ತರಬೇತಿಯಿಂದ ಹುಚ್ಚಣ್ಣ ಪ್ರಮಾಣಪತ್ರ ತಂದ. ಅದಕ್ಕೆ ಚೌಕಟ್ಟು ಹಾಕಿಸಿ ಮನೆದೇವರು ಬೀರಪ್ಪನ ಪಟದ ಪಕ್ಕಕ್ಕೆ, ಒಂದು ಅಂಗುಲ ಮೇಲಕ್ಕೇ ತೂಗುಹಾಕಿದ. ತರಬೇತಿ ಕೊಟ್ಟ ಸ್ನೇಹಲತಾ ಮೇಡಂ ಸ್ಕೂಟರಿನಲ್ಲಿ ಬಂದು ಜೇನುಪೆಟ್ಟಿಗೆ ಇಡಿಸಿದ ದಿನ ಅವನ ಹೆಂಡತಿ ಭೀಮಕ್ಕ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿದಳು.

"ಹುಚ್ಚಣ್ಣನವರೇ, ಇವು ತುಡುವೆ ಜೇನು. ಮನಸ್ಸಿಗೆ ಬರದಿದ್ದರೆ ಬಿಟ್ಟು ಹಾರಿಹೋಗ್ತವೆ. ಪದೇ ಪದೇ ಮುಚ್ಚಳ ತೆಗೀಬೇಡಿ, ಹತ್ತಿರ ಹೋಗುವಾಗ ಬಿಳಿ ಬಟ್ಟೆ ಹಾಕ್ಕೊಳ್ಳಿ" ಎಂದರು ಮೇಡಂ.

"ಮೇಡಮ್ನೋರೇ, ನಾನು ಎಂಬತ್ತು ಕುರಿ ಕಾದೋನು. ಇವು ರೆಕ್ಕೆ ಇರೋ ಕುರಿ, ಅಷ್ಟೇಯ."

"ಮೂರು ತಿಂಗಳು ಬಿಟ್ಟು ಬಂದು ನೋಡ್ತೀನಿ. ಹುಳ ಇದ್ದರೆ ಇನ್ನೆರಡು ಪೆಟ್ಟಿಗೆ ನಿಮಗೆ. ಖಾಲಿ ಇದ್ದರೆ ಇದನ್ನೂ ಪಟ್ಟಿಯಲ್ಲಿ ಮುಂದಿರೋರಿಗೆ ಕೊಡಬೇಕಾಗುತ್ತೆ. ಬೇಜಾರು ಮಾಡ್ಕೋಬಾರದು."

"ಖಾಲಿಯಾ?" ಹುಚ್ಚಣ್ಣ ಹುಬ್ಬೇರಿಸಿದ. ಅವನು ಕಾದ ಮಂದೆಯಲ್ಲಿ ಒಂದು ಮರಿಯೂ ಕಮ್ಮಿಯಾಗಿದ್ದಿಲ್ಲ, ಒಂದು ಟಗರನ್ನು ಬಿಟ್ಟು. ಆ ಟಗರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಂದೇ ಸಂಜೆ ಪೆಟ್ಟಿಗೆಯ ಮುಂದೆ ಕಾಲು ನೀಡಿ ಕೂತು ಒಳಗೆ ಹೋಗುವ ಹುಳಗಳನ್ನು ಎಣಿಸತೊಡಗಿದ. ಕುರಿಯವರು ಎಣಿಸುವುದು ಜೋಡಿ ಲೆಕ್ಕದಲ್ಲಿ. ನಲವತ್ತು ಜೋಡಿಗೆ ತೂಕಡಿಕೆ ಬಂತು.

"ಎಷ್ಟು ಬಂದ್ವು?" ಎಂದಳು ಭೀಮಕ್ಕ.

"ಎಲ್ಲಾ ಬಂದ್ವು."

"ಎಷ್ಟು ಹೋಗಿದ್ವು?"

"ಎಲ್ಲಾ ಹೋಗಿದ್ವು."

ಲೆಕ್ಕ ಸರಿಹೋಯಿತು. ಬಿಳಿ ಬಟ್ಟೆಯ ಮಾತನ್ನು ಮಾತ್ರ ಅವನು ಕೇಳಲಿಲ್ಲ. ಅವನ ಪ್ರಕಾರ ಕುರಿ ಕಾಯುವವನಿಗೆ ಕಂಬಳಿಯೇ ಬಟ್ಟೆ. ಕರಿ ಕಂಬಳಿಯನ್ನು ತಲೆಯಿಂದ ಬೆನ್ನಿಗೆ ಇಳಿಯುವಂತೆ ಕೊಪ್ಪೆ ಹಾಕಿಕೊಂಡು ಪೆಟ್ಟಿಗೆ ತೆರೆದ. ಹುಳಗಳು ಕರಡಿಯೇ ಬಂತೆಂದು ತಿಳಿದವೋ ಏನೋ, ಹನ್ನೊಂದು ಕಡೆ ಕುಟುಕಿದವು. ಮರುದಿನ ಡೈರಿಯಲ್ಲಿ ನಾನು ಅವನನ್ನು, "ಯಾರಪ್ಪ ನೀನು, ಹೊಸ ಮೆಂಬರಾ?" ಎಂದು ಕೇಳಿಬಿಟ್ಟೆ. ಆದರೂ ಊದಿದ ಕಣ್ಣಿನ ಸಂದಿಯಲ್ಲಿ ಅವನು ನಗುತ್ತಿದ್ದ. ಎಂಟು ತಿಂಗಳಲ್ಲಿ ಅವನು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅಂದು ಅವನು ಬೆಂಚಿನ ಮೇಲೆ ಎರಡು ನಿಮಿಷವೂ ಕೂರಲಿಲ್ಲ.

ಈಗ ಟಗರಿನ ವಿಷಯ. ಹುಚ್ಚಣ್ಣನ ಮನೆಯ ಎದುರು ಮನೆಯೇ ಅವನ ತಂಗಿ ರಾಧಾಮಣಿಯದು. ನಡುವೆ ಇಪ್ಪತ್ತು ಹೆಜ್ಜೆಯ ರಸ್ತೆ. ತಂಗಿಯ ಗಂಡ ಅಂಜಿನಮೂರ್ತಿಯೂ ಕುರಿ ಸಾಕುವವನೇ. ಭಾವ ಭಾವಮೈದ ಇಬ್ಬರೂ ಜೋಡಿಯಾಗಿ ಡೊಳ್ಳು ಬಾರಿಸಲು ನಿಂತರೆ ಪಟ್ಟನಾಯಕನಹಳ್ಳಿಯಿಂದಲೂ ಕರೆ ಬರುತ್ತಿತ್ತು.

ನಮ್ಮ ಕುರಿಯವರಲ್ಲಿ ಒಂದು ಪದ್ಧತಿ ಇದೆ. ಒಬ್ಬನ ಕುರಿ ಇನ್ನೊಬ್ಬನ ಮಂದೆ ಸೇರಿದರೆ, ಕಳೆದುಕೊಂಡವನು ಊರ ಹಿರಿಯನೊಂದಿಗೆ ಹೋಗಿ ಹೊರಗೇ ನಿಂತು, ಕಂಬಳಿಯನ್ನು ನೆಲಕ್ಕೆ ಹಾಸಿ, ಕುರಿಯ ಗುರುತು ಹೇಳಬೇಕು. ಮಂದೆಯವನು ಕುರಿಯನ್ನು ನೋಡಿ 'ಐತೆ' ಅಥವಾ 'ಇಲ್ಲ' ಎನ್ನಬೇಕು. ಅವನ ಮಾತೇ ಕೊನೆ. 'ಐತೆ' ಎಂದರೆ ಬಂದವನಿಗೆ ಊಟ ಹಾಕಿ ಕುರಿ ಕೊಟ್ಟು ಕಳಿಸಬೇಕು. ಜೇನು ಬರುವುದಕ್ಕೆ ಆರು ವರ್ಷ ಮೊದಲು ಹುಚ್ಚಣ್ಣನ ಟಗರು ಅಂಜಿನಮೂರ್ತಿಯ ಮಂದೆ ಸೇರಿತು. ಹಿರಿಯ ಪರ್ವತಯ್ಯನನ್ನು ಕರೆದುಕೊಂಡು ಹೋಗಿ ಹುಚ್ಚಣ್ಣ ಕಂಬಳಿ ಹಾಸಿ, "ಬಲಗಿವಿ ತುದೀಲಿ ಕಚ್ಚು" ಎಂದ. ಒಳ್ಳೆಯ ಟಗರು. ಅಂಜಿನಮೂರ್ತಿ ಕಿವಿ ಹಿಡಿದು ನೋಡಿ, "ಇದು ಮುಳ್ಳು ಹರಿದಿರಾದು, ಕುಯ್ದಿರಾದಲ್ಲ. ಇಲ್ಲ" ಎಂದ.

ಅಂದಿನಿಂದ ಇಬ್ಬರೂ ಆ ಇಪ್ಪತ್ತು ಹೆಜ್ಜೆ ದಾಟಿರಲಿಲ್ಲ. ಹುಚ್ಚಣ್ಣ ತನ್ನ ಡೊಳ್ಳನ್ನು ಗುಡಿಗೆ ಕೊಟ್ಟುಬಿಟ್ಟ. ಅಂಜಿನಮೂರ್ತಿ ತನ್ನದನ್ನು ಪಡಸಾಲೆಯ ಗೂಟಕ್ಕೆ ನೇತುಹಾಕಿದ. ಇಲಿ ಅದರ ಚರ್ಮವನ್ನು ಒಂದು ಕಡೆ ಕಡಿದು ತೂತು ಮಾಡಿತು. ಮನೆಯಲ್ಲಿ ಏನಾದರೂ ಸಿಹಿ ಮಾಡಿದರೆ ರಾಧಾಮಣಿ ಹಾಲಿನ ಕ್ಯಾನಿನ ಜೊತೆ ಒಂದು ಡಬ್ಬಿ ತಂದು, "ಅಣ್ಣಂಗೆ ಕೊಟ್ಬುಡಿ ಸಾರ್" ಎಂದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಇಪ್ಪತ್ತು ಹೆಜ್ಜೆ ದೂರದ ಒಬ್ಬಟ್ಟು ಅರ್ಧ ಕಿಲೋಮೀಟರ್ ಸುತ್ತಿ ಬರುತ್ತಿತ್ತು.

ಇಷ್ಟು ಹೇಳಿದ ಮೇಲೆ ಹುಚ್ಚಣ್ಣನ ತಲೆಯಲ್ಲಿ ಏನು ಹುಟ್ಟಿತು ಎಂದು ತಿಳಿಯುವುದು ಕಷ್ಟವಲ್ಲ. ಹೊಂಗೆ ಹೂ ಬಿಟ್ಟಿತು. ಅವನ ಹುಳಗಳು ಊರ ಹುಳಗಳ ಜೊತೆ ಒಂದೇ ಮರದಲ್ಲಿ ಮೇಯುವುದನ್ನು ಕಂಡು ಅವನಿಗೆ ದಿಗಿಲಾಯಿತು.

"ಗುರುತು ನೆಟ್ಟಗಿಲ್ದೆ ಒಂದ್ ಸಲ ಕೆಟ್ಟೆ ಸೆಕ್ರೆಟ್ರಿ. ಇನ್ನೊಂದ್ ಸಲ ಕೆಡಾಕಿಲ್ಲ" ಎಂದ.

ಕುರಿಗೆ ಬಳಿಯುವ ಕೆಮ್ಮಣ್ಣನ್ನು ನುಣ್ಣಗೆ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಪೆಟ್ಟಿಗೆಯ ಬಾಗಿಲಲ್ಲಿ ಸುರಿದ. ಹೊರಗೆ ಬರುವ ಒಂದೊಂದು ಹುಳವೂ ಆ ಪುಡಿಯಲ್ಲಿ ಹೊರಳಿ ಬೆನ್ನು ಕೆಂಪಗೆ ಮಾಡಿಕೊಂಡು ಹಾರಿತು. ಹುಚ್ಚಣ್ಣ ಇದನ್ನು ಯಾರಿಗೂ ಹೇಳಲಿಲ್ಲ; ನನಗೂ ಆಗ ಹೇಳಲಿಲ್ಲ.

ಮೂರನೆಯ ದಿನ ದಾಳಿಂಬೆ ತೋಟದ ಮುತ್ತುರಾಜ್ ಓಡಿಬಂದ. ಅವನ ಮೊಬೈಲಿನಲ್ಲಿ ಒಂದು ವಿಡಿಯೋ. ನುಗ್ಗೆಯ ಬಿಳಿ ಹೂವಿನ ಮೇಲೆ ಕೆಂಪು ಬೆನ್ನಿನ ಹುಳ.

"ಸಾರ್, ಇದು ನಮ್ ದೇಶದ್ದಲ್ಲ. ಕೂತ್ ಕಡೆಯೆಲ್ಲ ಕೆಂಪಗೆ ಕಕ್ತಾ ಐತೆ!"

ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೋ ಮಧುಗಿರಿ, ಕೊರಟಗೆರೆ ದಾಟಿ ಪಾವಗಡ ಮುಟ್ಟಿ, ಅಲ್ಲಿನ ಯಾರೋ ಒಬ್ಬರು ಅದಕ್ಕೆ ತೆಲುಗಿನಲ್ಲಿ ಭಯಂಕರ ದನಿ ಸೇರಿಸಿ ವಾಪಸು ಕಳಿಸಿದ್ದರು. ಅಂಗನವಾಡಿಗೆ ಮಕ್ಕಳು ಬರಲಿಲ್ಲ. ನಾಲ್ಕು ಜನ ಹೆಂಗಸರು, ಇದು ಅಮ್ಮನವರ ಹುಳ, ಅದಕ್ಕೇ ಕುಂಕುಮ ಇದೆ ಎಂದು ನುಗ್ಗೆ ಮರಕ್ಕೆ ಬೇವಿನ ಸೊಪ್ಪು ಕಟ್ಟಿದರು. ವಿಷ ಎನ್ನುವ ಪಕ್ಷಕ್ಕೂ ದೇವರು ಎನ್ನುವ ಪಕ್ಷಕ್ಕೂ ಡೈರಿ ಮುಂದೆ ಜೋರು ವಾದ ನಡೆಯಿತು. ಹುಚ್ಚಣ್ಣ ಎರಡೂ ಪಕ್ಷದ ನಡುವೆ ಕೂತು, ತರಬೇತಿ ಪಡೆದವನ ಗಾಂಭೀರ್ಯದಲ್ಲಿ, "ನೋಡ್ಬೇಕು, ನೋಡ್ಬೇಕು" ಎನ್ನುತ್ತಿದ್ದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

"ಹುಚ್ಚಣ್ಣನವರೇ, ವಿಡಿಯೋ ನೋಡಿದೆ," ಸ್ನೇಹಲತಾ ಮೇಡಂ ದನಿ ನಮಗೆಲ್ಲ ಕೇಳಿಸಿತು. "ಆ ಊರಲ್ಲಿ ತರಬೇತಿ ಆದವರು ನೀವೊಬ್ಬರೇ. ಒಂದು ಹುಳ ಹಿಡಿದಿಟ್ಟಿರಿ, ನಾಳೆ ಬರ್ತೀನಿ."

ತನ್ನ ಹುಳವನ್ನು ತಾನೇ ಪತ್ತೆಹಚ್ಚುವ ಹುದ್ದೆ ಹುಚ್ಚಣ್ಣನ ಪಾಲಿಗೆ ಬಂತು. ಮರುದಿನ ತನ್ನ ಮನೆಯ ಮುಂದೆ, ಅರ್ಧ ಊರಿನ ಎದುರು ಬೆಂಕಿಪೊಟ್ಟಣದಲ್ಲಿ ಒಂದು ಹುಳ ತಂದುಕೊಟ್ಟ. ಮೇಡಂ ಅದನ್ನು ಮೆಲ್ಲಗೆ ಹಿಡಿದು ಬೆನ್ನ ಮೇಲೆ ಬೆರಳಾಡಿಸಿದರು. ಬೆರಳು ನೋಡಿಕೊಂಡರು. ಮೂಸಿದರು. ಹುಚ್ಚಣ್ಣನ ಪಂಚೆಯ ಅಂಚು ನೋಡಿದರು. ಅದೂ ಅದೇ ಬಣ್ಣ.

"ಕೆಮ್ಮಣ್ಣು" ಎಂದರು.

"ಗುರುತು ಮೇಡಮ್ನೋರೇ," ಹುಚ್ಚಣ್ಣ ನೆಲ ನೋಡಿದ. "ಬ್ಯಾರೆ ಮಂದೆ ಸೇರ್ಬುಟ್ರೆ ಅಂತ..."

ಊರೆಲ್ಲ ನಕ್ಕಿತು. ಎದುರು ಪಡಸಾಲೆಯಲ್ಲಿ ನಿಂತಿದ್ದ ಅಂಜಿನಮೂರ್ತಿ ಮಾತ್ರ ನಗದೆ ಒಳಗೆ ಹೋದ. ಮೇಡಮ್ಮೂ ನಗಲಿಲ್ಲ. "ಮಣ್ಣು ಮೈಮೇಲೆ ನಿಲ್ಲಲ್ಲ ಹುಚ್ಚಣ್ಣನವರೇ. ಅವು ಎರಡು ದಿನದಲ್ಲಿ ಮೈ ಒರೆಸಿಕೊಂಡುಬಿಡ್ತವೆ. ಆದರೆ ಬಾಗಿಲಲ್ಲೇ ಇಷ್ಟು ಕಾಟ ಆದರೆ ಮನೇನೇ ಬಿಡ್ತವೆ. ಇವತ್ತೇ ಗುಡಿಸಿ. ಮುಂದಿನ ಸೋಮವಾರ ತಪಾಸಣೆ" ಎಂದು ಹೋದರು.

ಅಂದೇ ಗುಡಿಸಿದ. ತಡವಾಗಿತ್ತು. ಮರುದಿನ ಬೆಳಿಗ್ಗೆ ಪೆಟ್ಟಿಗೆ ಖಾಲಿ.

ಆ ವಾರ ಹುಚ್ಚಣ್ಣನನ್ನು ನೋಡಲಾಗುತ್ತಿರಲಿಲ್ಲ. ಸವೆದ ಮೊಣಕಾಲನ್ನು ಎಳೆಯುತ್ತ ಕೆರೆ ಏರಿಯ ಹುಣಸೆ ಮರಗಳನ್ನು, ಗುಡಿಯ ಸಂದಿಗಳನ್ನು, ಹಾಳು ಬಾವಿಯನ್ನು ಹುಡುಕಿದ. ಮೇಲೆ ನೋಡುತ್ತಲೇ ನಡೆದು ಎರಡು ಸಲ ಬಿದ್ದ. ಐದನೆಯ ದಿನ ಡೈರಿ ಬೆಂಚಿನ ಮೇಲೆ ಬಂದು ಕೂತ, ಮೊದಲು ಕೂರುತ್ತಿದ್ದ ಹಾಗೇ. ನನಗೆ ಲ್ಯಾಕ್ಟೋಮೀಟರ್ ಓದಲು ಆಗಲಿಲ್ಲ. ಅಂದು ನೀರು ಬೆರೆಸಿದವರೆಲ್ಲ ಪಾರಾದರು.

ಭಾನುವಾರ ಬೆಳಿಗ್ಗೆ ರಾಧಾಮಣಿ ಬಂದು ದನಿ ತಗ್ಗಿಸಿ ಹೇಳಿದಳು: "ಸಾರ್, ನಮ್ ಡೊಳ್ಳು ಗುಂಯ್ ಅಂತೈತೆ."

"ಯಾರು ಬಾರಿಸ್ತಿದಾರೆ?"

"ಯಾರೂ ಬಾರಿಸ್ತಿಲ್ಲ. ತಾನೇ ಅಂತೈತೆ. ಬಾರ್ಸಾದ್ ಬುಟ್ಟಿದ್ಕೆ ಬೀರಪ್ಪ ಮುನ್ಸ್ಕಂಡವ್ನೆ ಅಂತ ನಮ್ಮನೆಯೋರು ಎಲ್ಡು ದಿನದಿಂದ ತೆಂಗಿನಕಾಯಿ ಒಡೀತಾವ್ರೆ. ಸಾಂಬ್ರಾಣಿ ಹೊಗೆ ಹಾಕುದ್ರೆ ಇನ್ನೂ ಜೋರಾಗ್ ಅಂತೈತೆ. ಇಲಿ ಕಡ್ದಿರೋ ತೂತಿಂದ ಹುಳ ಬರಾದ್ನ ನಾನೇ ನೋಡಿವ್ನಿ ಸಾರ್. ಅಣ್ಣಂಗ್ ಯೋಳಿ, ಬಂದು ಕೇಳ್ಲಿ."

ನಾನು ಓಡಿಹೋಗಿ ಹೇಳಿದೆ. ಹುಚ್ಚಣ್ಣನ ಮುಖ ಒಂದು ಗಳಿಗೆ ಅರಳಿ ಮತ್ತೆ ಮುದುಡಿತು. "ಅವ್ನ ಮನೇಗಾ? ಇಷ್ಟ್ ದೊಡ್ಡೂರಲ್ಲಿ ಬ್ಯಾರೆ ಜಾಗ ಸಿಗ್ಲಿಲ್ವಾ ಅವ್ಕೆ? ನಾನ್ ಹೋಗಾಕಿಲ್ಲ."

ಭೀಮಕ್ಕ ಕೈಲಿದ್ದ ಮೊರ ಕೆಳಗಿಟ್ಟಳು. "ನಿಮ್ಗಿಂತ ಆ ಹುಳ ಮೇಲು ಕಣ್ರೀ. ಆರು ವರ್ಷದಿಂದ ನೀವು ದಾಟದೇ ಇರೋ ರಸ್ತೇನ ಅವು ದಾಟ್ಬುಟ್ವು."

ಸಂಜೆಯವರೆಗೂ ಕೂತು ಯೋಚಿಸಿದ ಹುಚ್ಚಣ್ಣ ಕೊನೆಗೆ, ಪದ್ಧತಿ ಪ್ರಕಾರ ಕೇಳುತ್ತೇನೆ, ಬೇರೆ ರೀತಿಯಲ್ಲಿ ಹೋಗುವುದಿಲ್ಲ ಎಂದ. ಪರ್ವತಯ್ಯನಿಗೆ ಎಂಬತ್ತೆರಡು ದಾಟಿದೆ. ಕಳೆದದ್ದು ಜೇನು ಎಂದು ತಿಳಿದ ಮೇಲೂ ಅವರು, "ಮಂದೆ ಅಂದ್ಮೇಲೆ ಮಂದೆಯಪ್ಪ" ಎಂದು ಒಪ್ಪಿದರು.

ಸೋಮವಾರ ಬೆಳಿಗ್ಗೆ ರಸ್ತೆಯಲ್ಲಿ ಊರಿಗೆ ಊರೇ ನೆರೆದಿತ್ತು. ಸ್ನೇಹಲತಾ ಮೇಡಂ ತಪಾಸಣೆಯ ಫಾರಂ ಹಿಡಿದು ಬಂದವರು ಸ್ಕೂಟರ್ ನಿಲ್ಲಿಸಲು ಜಾಗವಿಲ್ಲದೆ ಅದರ ಮೇಲೇ ಕೂತಿದ್ದರು. ಹುಚ್ಚಣ್ಣ ಭಾವಮೈದನ ಜಗಲಿಯ ಹೊರಗೆ ಕಂಬಳಿ ಹಾಸಿ ಕೂತ.

"ಏನ್ ಕಳ್ಕಂಡೆ?" ಪರ್ವತಯ್ಯ ಕೇಳಿದರು.

"ಹುಳ."

"ಎಷ್ಟು?"

"ಎಲ್ಲಾ."

"ಗುರುತು?"

"ಬೆನ್ ಮ್ಯಾಲೆ ಕೆಂಪು."

ಅದನ್ನು ಹೇಳುವಾಗಲೇ ಅವನ ದನಿ ಇಳಿದಿತ್ತು. ಪಡಸಾಲೆಯ ಡೊಳ್ಳಿನ ತೂತಿನಿಂದ ಹುಳಗಳು ಬಂದು ಹೋಗುವುದು ನಮಗೆಲ್ಲ ಕಾಣುತ್ತಿತ್ತು. ಮೈ ಕಂದು, ಅದರ ಮೇಲೆ ಕರಿ ಪಟ್ಟೆ. ಸ್ನಾನ ಮಾಡಿ ಬಂದಂತೆ ಚೊಕ್ಕಟ. ಮೇಡಂ ಹೇಳಿದ್ದು ನಿಜವಾಗಿತ್ತು. ಎಷ್ಟು ಹುಡುಕಿದರೂ ಒಂದರ ಮೇಲೂ ಒಂದು ಚೂರು ಕೆಂಪಿಲ್ಲ. ಹುಚ್ಚಣ್ಣನಿಗೂ ಅದು ಕಂಡಿತ್ತು. ಅವನು ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡ. ನನಗೆ ನನ್ನ ಮೇಲೇ ಸಿಟ್ಟು ಬಂತು. ಯಾಕಾದರೂ ಆ ಹೆಸರು ಬರೆದು ಕಳಿಸಿದೆನೋ ಎನಿಸಿತು.

"ಮೂರ್ತಿ, ನೋಡಿ ಯೋಳಪ್ಪ" ಎಂದರು ಪರ್ವತಯ್ಯ. ಆರು ವರ್ಷದ ಹಿಂದೆಯೂ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದರು.

ಅಂಜಿನಮೂರ್ತಿ ಡೊಳ್ಳಿನ ಹತ್ತಿರ ಹೋದ. ಮೊಬೈಲಿನ ಬೆಳಕು ಬಿಟ್ಟು ತೂತಿನೊಳಗೆ ಇಣುಕಿದ. ಒಂದು ಹುಳ ಬಂದು ಅವನ ಬೆರಳ ಮೇಲೆ ಕೂತಿತು. ಅದನ್ನು ಕಣ್ಣಿನ ಹತ್ತಿರ ತಂದು ನೋಡಿದ. ತುಂಬ ಹೊತ್ತು ನೋಡಿದ. ಒಂದು ಹುಳದಲ್ಲಿ ಅಷ್ಟು ಹೊತ್ತು ನೋಡುವಂಥದ್ದು ಏನೂ ಇರುವುದಿಲ್ಲ. ಆಮೇಲೆ ತಿರುಗಿ, ಹಿರಿಯರಿಗಲ್ಲ, ನೇರವಾಗಿ ಹುಚ್ಚಣ್ಣನಿಗೆ ಹೇಳಿದ:

"ಐತೆ. ಕೆಂಪಗೆ ಐತೆ. ನಿನ್ನವೇ ಬಾವ."

"ಎಲ್ಲಪ್ಪಾ ಕೆಂ..." ಎಂದು ಮುತ್ತುರಾಜ್ ಬಾಯಿ ತೆರೆದ. ಭೀಮಕ್ಕ ಅವನ ಕಾಲ ಮೇಲೆ ಕಾಲಿಟ್ಟು ಬಲವಾಗಿ ಒತ್ತಿದಳು. ಮೇಡಂ ಕೂಡ ಏನೋ ಹೇಳಲು ಹೊರಟವರು ಪೆನ್ನಿನ ತುದಿ ಕಚ್ಚಿಕೊಂಡರು. ಪರ್ವತಯ್ಯ, "ಆಯ್ತು. ಐತಂತೆ" ಎಂದು ತೀರ್ಪು ಕೊಟ್ಟರು.

ಹುಚ್ಚಣ್ಣ ಏಳಲಿಲ್ಲ. ಮೊಣಕಾಲು ಹಿಡಿದುಕೊಂಡಿದೆ ಎಂದು ನಾವು ಅಂದುಕೊಂಡೆವು. ಅಂಜಿನಮೂರ್ತಿ ಜಗಲಿ ಇಳಿದು ಬಂದು, "ಕೈ ಕೊಡು" ಎಂದು ಅವನನ್ನು ಎಬ್ಬಿಸಿ, ಕಂಬಳಿ ಒದರಿ ಅವನ ಹೆಗಲಿಗೆ ಹಾಕಿದ. ರಾಧಾಮಣಿ ಬಾಗಿಲಲ್ಲೇ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಬಾರಣ್ಣಯ್ಯ, ಆರೋಗ್ತದೆ" ಎಂದಳು. ಒಳಗಿನಿಂದ ಒಬ್ಬಟ್ಟಿನ ವಾಸನೆ ಬರುತ್ತಿತ್ತು. ಗಂಡ ಏನು ಹೇಳುತ್ತಾನೆ ಎಂದು ಊರಿಗೆ ಗೊತ್ತಾಗುವ ಮೊದಲೇ ಅವಳು ಬೇಳೆ ಬೇಯಿಸಿದ್ದಳು.

ಊಟವಾದ ಮೇಲೆ ತೊಡಕು ಶುರುವಾಯಿತು. ಹುಳವನ್ನು ಪೆಟ್ಟಿಗೆಗೆ ವರ್ಗಾಯಿಸಬೇಕಾದರೆ ಡೊಳ್ಳಿನ ಚರ್ಮ ಕೊಯ್ಯಬೇಕು ಎಂದರು ಮೇಡಂ. ಅಂಜಿನಮೂರ್ತಿ ಒಳಗಿನಿಂದ ಚಾಕು ತಂದ. ಹುಚ್ಚಣ್ಣ ಅವನ ಕೈ ಹಿಡಿದುಕೊಂಡ.

"ಡೊಳ್ ಕುಯ್ಬ್ಯಾಡ ಕಣ್ಲಾ. ಅಲ್ಲೇ ಇರ್ಲಿ ಬುಡು."

"ನಿನ್ ಮಂದೆ ನನ್ ಮನೇಲಿದ್ರೆ ಹೆಂಗೆ ಬಾವ?"

"ಪಾಲಿಗ್ ಬುಟ್ಟಿವ್ನಿ ಅನ್ಕೋ. ಅರ್ಧ ನಿಂಗೆ, ಅರ್ಧ ನಂಗೆ. ದಿನಾ ಬಂದು ನೋಡ್ಕಂಡ್ ಹೋಯ್ತೀನಿ."

ಸಾಕಲು ಪಾಲಿಗೆ ಕುರಿ ಬಿಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಆದರೆ ಮೇಡಂ ಫಾರಮ್ಮಿನಲ್ಲಿ ಡೊಳ್ಳಿಗೆ ಕಾಲಮ್ಮೇ ಇರಲಿಲ್ಲ. ಬಹಳ ಹೊತ್ತು ಯೋಚಿಸಿ, 'ಪೆಟ್ಟಿಗೆಯ ವಿಧ' ಎಂದಿದ್ದ ಕಡೆ 'ಸ್ಥಳೀಯ' ಎಂದೂ, 'ಹುಳಗಳಿವೆಯೇ' ಎಂದಿದ್ದ ಕಡೆ 'ಇವೆ' ಎಂದೂ ಬರೆದರು. ಖಾಲಿ ಪೆಟ್ಟಿಗೆಯನ್ನು ಡೊಳ್ಳಿನ ಪಕ್ಕದಲ್ಲೇ ಇಡಿಸಿ, "ಇವು ಕವಲೊಡೆದು ಎರಡು ಗುಂಪಾದಾಗ ಒಂದನ್ನ ಇದಕ್ಕೆ ತುಂಬಿಸೋಣ" ಎಂದರು. ಮರುವರ್ಷ ಹೊಂಗೆ ಹೂವಿನ ಕಾಲಕ್ಕೆ ಹಾಗೇ ಆಯಿತು. ಹೇಳಿದಂತೆ ಇನ್ನೆರಡು ಪೆಟ್ಟಿಗೆಗಳೂ ಬಂದವು.

ಈಗ ನನ್ನ ಡೈರಿಯ ಕಪಾಟಿನಲ್ಲಿ ಜೇನಿನ ಬಾಟಲಿಗಳು ಸಾಲಾಗಿ ನಿಂತಿವೆ. ಮುತ್ತುರಾಜನ ದಾಳಿಂಬೆ ಹೋದ ಸಲಕ್ಕಿಂತ ಚೆನ್ನಾಗಿ ಕಾಯಿ ಕಚ್ಚಿತು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವಂತೆ, ಹೂವಿನ ಕಾಲದಲ್ಲಿ ಹುಚ್ಚಣ್ಣನ ಪೆಟ್ಟಿಗೆಯನ್ನು ತನ್ನ ತೋಟದಲ್ಲಿ ನಿಲ್ಲಿಸಿಕೊಂಡು ರಾಗಿ ಅಳೆದು ಕೊಡುತ್ತಾನೆ. ಭಾವ ಭಾವಮೈದ ಇಬ್ಬರೂ ಸಿರಾಕ್ಕೆ ಹೋಗಿ ಎರಡು ಹೊಸ ಡೊಳ್ಳು ತಂದಿದ್ದಾರೆ. ಹಳೆಯದು ಗೂಟದ ಮೇಲೆ ತನ್ನ ಪಾಡಿಗೆ ತಾನು ಗುಂಯ್ ಎನ್ನುತ್ತಿದೆ.

ಮೊನ್ನೆ ಬೆಳಿಗ್ಗೆ ಹುಚ್ಚಣ್ಣ ಬಾಟಲಿಗಳನ್ನು ಇಳಿಸಿ, ಆಚೆ ಈಚೆ ನೋಡಿ, ಮೆಲ್ಲಗೆ ಕೇಳಿದ:

"ಸೆಕ್ರೆಟ್ರಿ, ನೀನು ಸುಳ್ ಹೇಳಾಕಿಲ್ಲ. ಅವತ್ತು ಹುಳದ ಮ್ಯಾಲೆ ಕೆಂಪು ಇತ್ತಾ?"

ನನ್ನ ಕೈಯಲ್ಲಿ ಲ್ಯಾಕ್ಟೋಮೀಟರ್ ಇತ್ತು. ಇಪ್ಪತ್ತು ವರ್ಷದಿಂದ ಸುಳ್ಳು ಹಿಡಿಯುವುದೇ ನನ್ನ ಕೆಲಸ. "ನಾನು ದೂರ ನಿಂತಿದ್ದೆ ಹುಚ್ಚಣ್ಣ, ಸರಿಯಾಗಿ ಕಾಣಲಿಲ್ಲ" ಎಂದೆ.

"ನಂಗೂ ಕಾಣ್ಲಿಲ್ಲ ಬುಡು." ಅವನು ಸ್ವಲ್ಪ ಹೊತ್ತು ಕಂಬಳಿಯ ಅಂಚು ಸರಿಮಾಡಿಕೊಂಡ. "ಅವ್ನು ಅವತ್ತು ಅಷ್ಟೊತ್ತು ನೋಡಿದ್ದು ಹುಳಾನಲ್ಲ ಕಣಪ್ಪ. ಟಗರಿನ್ ಕಿವೀನ."

ನಾನು ಏನಾದರೂ ಹೇಳುವ ಮೊದಲೇ ಅವನು ಕೋಲೂರಿ ಎದ್ದ.

"ಕೂತ್ಕೋ ಹುಚ್ಚಣ್ಣ, ಟೀ ತರಿಸ್ತೀನಿ" ಎಂದೆ.

"ಎಲ್ಲಿ ಕೂರಾದು ಸೆಕ್ರೆಟ್ರಿ? ಹೊತ್ತಾತು. ಮಂದೆ ಹೊರಡೋ ಹೊತ್ತು" ಎಂದು ಹೇಳಿ, ಕುಂಟುತ್ತಲೇ ಸರಸರನೆ ಹೊರಟುಹೋದ.